ಫೋಟೋದಲ್ಲಿದ್ದವನಿಗೆ ಮಾತ್ರ

ಅರಗು ಕರಗುವ ವಾಸನೆ ಮೂಗಿಗೆ ಬಂದರೆ ಪೋಸ್ಟಣ್ಣನವರಿಗೆ ಇವತ್ತಿಗೂ ಅಪ್ಪ ನೆನಪಾಗುತ್ತಾರೆ. ಚಿಕ್ಕಂದಿನಲ್ಲಿ ಶಾಲೆ ಬಿಟ್ಟ ಕೂಡಲೇ ಅವರು ಅಂಚೆ ಕಚೇರಿಯ ಹಿಂಬಾಗಿಲಿಗೆ ಓಡುತ್ತಿದ್ದರು. ಅಲ್ಲಿ ಅಪ್ಪ ಬತ್ತಿದೀಪಕ್ಕೆ ಕೆಂಪು ಅರಗಿನ ಕಡ್ಡಿ ಹಿಡಿದು, ಚೀಲದ ಬಾಯಿಗೆ ಬಿಗಿದ ಹುರಿಯ ಗಂಟಿನ ಮೇಲೆ ತೊಟ್ಟಿಕ್ಕಿಸಿ, ಹಿತ್ತಾಳೆಯ ಮುದ್ರೆ ಒತ್ತುತ್ತಿದ್ದರು. ಸುಟ್ಟ ಸಕ್ಕರೆಗೂ ಹೊಸ ಬಣ್ಣಕ್ಕೂ ನಡುವಿನ ಒಂದು ವಾಸನೆ. "ಕಾಗದ ನಮ್ಮದಲ್ಲ ಮಗಾ, ಅದರ ಭಾರ ಮಾತ್ರ ನಮ್ಮದು. ಯಾರದೋ ಅವರ ಕೈಗೇ ಸೇರಬೇಕು" ಎಂದು ಅಪ್ಪ ಹೇಳುತ್ತಿದ್ದ ಮಾತು ಆ ವಾಸನೆಯ ಜೊತೆಗೇ ಅವರ ತಲೆಗೆ ಅಂಟಿಕೊಂಡಿತು.

ಆ ಮಾತನ್ನು ಅವರು ಸರ್ವೀಸಿನುದ್ದಕ್ಕೂ ಕಾಪಾಡಿಕೊಂಡು ಬಂದರು. ಅವರ ಕೈಯಿಂದ ಹೋದ ಒಂದೇ ಒಂದು ಕಾಗದ ತಪ್ಪು ಮನೆ ಸೇರಿದ್ದಿಲ್ಲ. ಒಂದೇ ಬೀದಿಯಲ್ಲಿ ಒಂದೇ ಹೆಸರಿನ ಇಬ್ಬರಿದ್ದರೂ, ಲಕೋಟೆಯ ದಪ್ಪ ನೋಡಿ, ಬರೆದ ಕೈಯ ವಾಲು ನೋಡಿ, ಇದು ಮೇಷ್ಟರಿಗೋ ದರ್ಜಿಗೋ ಎಂದು ಹೇಳಿಬಿಡುತ್ತಿದ್ದರು. ಒಮ್ಮೆ ಪಕ್ಕದ ಮನೆಯವರ ರಿಜಿಸ್ಟರ್ ಕಾಗದ ಬಂದಾಗ, "ಅವರು ಸಂಜೆ ಬರ್ತಾರೆ, ಇಲ್ಲಿ ಕೊಡಿ, ನಾನೇ ಕೊಟ್ಬಿಡ್ತೀನಿ" ಎಂದು ಪೋಸ್ಟಣ್ಣನವರ ಹೆಂಡತಿಯೇ ಕೈ ಚಾಚಿದ್ದರು. ಪೋಸ್ಟಣ್ಣ ಕಾಗದವನ್ನು ಎದೆಗೆ ಅವುಚಿಕೊಂಡು, "ನೀನು ಅವರಲ್ಲ" ಎಂದರು. ಆಕೆ ವಾರವಿಡೀ ಮಾತು ಬಿಟ್ಟಿದ್ದರು. ಮಾತು ಬಿಟ್ಟದ್ದಕ್ಕೆ ಬೇಜಾರಾದರೂ, ಕಾಗದ ಸರಿಯಾದ ಕೈಗೆ ಸೇರಿದ್ದಕ್ಕೆ ಪೋಸ್ಟಣ್ಣ ಒಳಗೊಳಗೇ ಬೀಗಿದ್ದರು.

ಅವರ ಮಗಳು ಊರಿನ ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ನರ್ಸು. ಆ ವಾರ್ಡಿನಲ್ಲಿ ಒಂದೊಂದು ಮಂಚಕ್ಕೆ ಇಬ್ಬಿಬ್ಬರು ಮಕ್ಕಳು. ಒಬ್ಬರ ತಲೆಯ ಕಡೆಗೆ ಇನ್ನೊಬ್ಬರ ಕಾಲು. ಜ್ವರ ಬಂದ ಮಗು ಹೊರಳಿದರೆ ಕೆಮ್ಮಿನ ಮಗು ಕೆಳಗೆ ಬೀಳುತ್ತದೆ ಎಂದು ಮಗಳು ಮನೆಯಲ್ಲಿ ಹೇಳಿದ್ದನ್ನು ಪೋಸ್ಟಣ್ಣ ಕಚೇರಿಯಲ್ಲಿ ಹೇಳಿದರು. ಅದನ್ನು ಪೋಸ್ಟ್‌ಮಾಸ್ಟರ್ ಮೇಡಂ ತಲೆಗೆ ಹಚ್ಚಿಕೊಂಡರು. ಮೇಡಂ ಒಂದು ವಿಷಯ ತಲೆಗೆ ಹಚ್ಚಿಕೊಂಡರೆ ಅಂಚೆಚೀಟಿ ಅಂಟಿದ ಹಾಗೆ. ನೀರಿನಲ್ಲಿ ನೆನೆಹಾಕದೆ ಬಿಡಿಸಲು ಆಗುವುದಿಲ್ಲ.

ಹಾಗೆ ಹುಟ್ಟಿದ್ದು ಆ ಓಟ. ನಮ್ಮೂರಿನ ಕಾಗದಗಳು ಯಾವ ಯಾವ ದೇಶ ದಾಟಿ ಸಮುದ್ರ ಸೇರುತ್ತವೋ ಅದೇ ದಾರಿಯಲ್ಲಿ ಅಂಚೆ ಕಚೇರಿಯವರು ರಿಲೇ ಓಡುವುದು. ಒಂದು ಹಂತ ನಮ್ಮವರು, ಮುಂದಿನ ಹಂತ ಆ ಊರಿನವರು, ಮತ್ತೆ ನಮ್ಮವರು. ಊರಿನ ವ್ಯಾಪಾರಿಗಳ ಸಂಘ ಒಂದು ಕರಾರು ಹಾಕಿತು. ಒಂದು ದೇಶವನ್ನು ಒಂದು ಗಡಿಯಿಂದ ಇನ್ನೊಂದು ಗಡಿಯವರೆಗೆ ಪೂರಾ ದಾಟಿದರೆ ವಾರ್ಡಿಗೆ ಒಂದು ಸಾಲು ಮಂಚ. ಆದರೆ ರಿಲೇ ಕೋಲು ವಾಹನ ಹತ್ತಬಾರದು, ಕಳೆಯಬಾರದು, ಯಾರೂ ಕಿತ್ತುಕೊಳ್ಳಬಾರದು. ಕೊಡುವವರು ತಾವಾಗಿಯೇ ಕೊಟ್ಟು, ಕೈಯಿಂದ ಕೈಗೇ ಹೋಗಬೇಕು. ಎಲ್ಲಾದರೂ ಕೊಂಡಿ ತಪ್ಪಿದರೆ ಆ ದೇಶದ ಮಂಚ ಹೋದ ಹಾಗೆ. ಕರಾರು ಸರಿಯಾಗಿ ನಡೆಯುತ್ತದೋ ಇಲ್ಲವೋ ನೋಡಲು ಸಂಘದ ಕಡೆಯಿಂದ ಬಟ್ಟೆ ಅಂಗಡಿಯ ಸಾಹುಕಾರರು ತಮ್ಮ ಕಾರಿನಲ್ಲಿ ಜೊತೆಗೇ ಹೊರಟರು.

ಪೋಸ್ಟಣ್ಣನವರನ್ನು ಸೇರಿಸಿಕೊಂಡಿದ್ದು ಬದಲಿ ಆಟಗಾರ ಎಂದು. ಎರಡು ದೇಶ ದಾಟಿದರೂ ಅವರಿಗೆ ವ್ಯಾನಿನಲ್ಲಿ ಸಿಕ್ಕ ಕೆಲಸ ಬೇರೆಯವರ ಕಾಲುಚೀಲ ಒಣಗಿಸುವುದು. ಪ್ರತಿ ಊರಿನಲ್ಲೂ ಮೇಡಂ ಹತ್ತಿರ ಹೋಗಿ, ಒಂದೇ ಒಂದು ಹಂತ ಕೊಡಿ ಎಂದು ಕೇಳುತ್ತಿದ್ದರು. ಪ್ರತಿ ಊರಿನಲ್ಲೂ ಸಾರ್ಟರ್ ಅಡ್ಡ ಬರುತ್ತಿದ್ದ. ಈ ಸಾರ್ಟರ್ ಕಚೇರಿಯಲ್ಲಿ ಕಾಗದ ವಿಂಗಡಿಸುವವನು. ವಿದೇಶದ ಟಪಾಲು ವಿಂಗಡಿಸಿ ವಿಂಗಡಿಸಿ ತನಗೆ ಎಲ್ಲ ದೇಶದ ಭಾಷೆಯೂ ಬರುತ್ತದೆ ಎಂದು ನಂಬಿಕೊಂಡಿದ್ದವನು. "ಅಣ್ಣಾ, ನಿಮ್ಮ ಮಂಡಿ ಕೀಲು ತಿರುಗಿದರೆ ಪಕ್ಕದ ದೇಶಕ್ಕೆ ಕೇಳತ್ತೆ. ಸುಮ್ನೆ ಕೂತ್ಕೊಳ್ಳಿ" ಎನ್ನುತ್ತಿದ್ದ.

ಮೂರನೆಯ ದೇಶದ ಕೊನೆಯ ದಿನ ಬೆಳಿಗ್ಗೆ ಕೌಂಟರಿನ ಗುಮಾಸ್ತ ಚಪ್ಪಲಿ ಹಾಕಿಕೊಳ್ಳಲು ಬಗ್ಗಿದವನು ಬಗ್ಗಿದ ಹಾಗೇ ಉಳಿದ. ಸೊಂಟ ಹಿಡಿದುಕೊಂಡಿತ್ತು. ಅವನನ್ನು ಮಡಿಸಿದ ಕುರ್ಚಿಯ ಹಾಗೆ ಎತ್ತಿ ವ್ಯಾನಿನಲ್ಲಿ ಮಲಗಿಸಿದರು. ಅವನ ಹಂತಕ್ಕೆ ಬೇರೆ ಯಾರೂ ಇರಲಿಲ್ಲ. ಮೇಡಂ ಪೋಸ್ಟಣ್ಣನವರ ಮುಖ ನೋಡಿದರು. ಪೋಸ್ಟಣ್ಣ ಆಗಲೇ ಕಾಲಿಗೆ ಶೂ, ತಲೆಗೆ ಟೋಪಿ, ಹೆಗಲಿಗೆ ತಮ್ಮ ಹಳೆಯ ಬಟವಾಡೆ ಚೀಲ ಏರಿಸಿ ನಿಂತಿದ್ದರು.

ಚೀಲ ಬೇಡ, ಕೋಲನ್ನು ಕೈಯಲ್ಲೇ ಹಿಡಿದು ಓಡಿ ಎಂದು ಮೇಡಂ ಎಷ್ಟೋ ಹೇಳಿದರು.

"ಚೀಲ ಇಲ್ಲದಿದ್ರೆ ನಾನು ಬಲಗಡೆಗೆ ವಾಲ್ತೀನಿ ಮೇಡಂ. ದಾರಿ ಪಕ್ಕದ ಹೊಳೆಗೆ ಹೋಗಿಬಿಡ್ತೀನಿ" ಎಂದರು ಪೋಸ್ಟಣ್ಣ. ಅದು ನಿಜವೇ ಆಗಿತ್ತು. ಅಷ್ಟು ವರ್ಷದ ಭಾರಕ್ಕೆ ಅವರ ಮೈ ಒಂದು ಕಡೆಗೆ ಒಗ್ಗಿಹೋಗಿತ್ತು. ಚೀಲದಲ್ಲಿ ಹೆಂಡತಿ ಇಟ್ಟುಕೊಟ್ಟ ಟವೆಲು, ನೀರಿನ ಬಾಟಲಿ, ಮಡಿಸುವ ಕೊಡೆ ಎಲ್ಲ ಇದ್ದವು.

ಆಗ ಸಾರ್ಟರ್ ಒಂದು ಫೋಟೋ ತಂದು ಅವರ ಜೇಬಿಗೆ ತುರುಕಿದ. ಮುಂದಿನ ಹಂತದಲ್ಲಿ ಕಾಯುವ ಆ ಊರಿನ ಓಟಗಾರನದು. ಎದೆ ತುಂಬ ಗಡ್ಡ. ಮುಖವನ್ನು ಹುಡುಕಬೇಕು, ಅಷ್ಟು ಗಡ್ಡ. ಇದು ಇಷ್ಟಕ್ಕೇ ಮುಗಿದಿದ್ದರೆ ಆ ದಿನ ಏನೂ ಆಗುತ್ತಿರಲಿಲ್ಲ. ಆದರೆ ಸಾರ್ಟರ್ ಬಾಯಿ ಸುಮ್ಮನಿರುವ ಬಾಯಲ್ಲ. ದಾರಿಯಲ್ಲಿ ನೂರು ಜನ ಕೈ ಚಾಚುತ್ತಾರೆ, ಕೋಲು ಸಿಕ್ಕರೆ ನೆನಪಿಗೆಂದು ಹೊಡೆದುಕೊಂಡು ಹೋಗುವವರೂ ಇರುತ್ತಾರೆ ಎಂದು ಹೆದರಿಸಿ, ಕೊನೆಗೆ ಅಂದ: "ಫೋಟೋದಲ್ಲಿದ್ದವನಿಗೆ ಮಾತ್ರ. ಸಾಕ್ಷಾತ್ ನಿಮ್ಮಪ್ಪ ಬಂದು ಕೇಳಿದ್ರೂ ಕೊಡಬೇಡಿ."

"ನನಗೆ ಹೇಳ್ತೀಯೇನಪ್ಪಾ" ಎಂದರು ಪೋಸ್ಟಣ್ಣ. ಅವರ ಬೆನ್ನು ನೆಟ್ಟಗಾಯಿತು.

ವ್ಯಾನು, ಸಾಹುಕಾರರ ಕಾರು ಎರಡೂ ಗಡಿಯ ಗೇಟಿನಲ್ಲಿ ಕಾಯಲು ಮುಂದೆ ಹೋದವು. ಪೋಸ್ಟಣ್ಣನವರ ಫೋನೂ ವ್ಯಾನಿನಲ್ಲೇ ಹೋಯಿತು. ಹಿಂದಿನ ಹಂತದ ಹುಡುಗಿ ಓಡಿಬಂದು ಕೋಲು ಕೊಟ್ಟಳು. ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಟೋಪಿ ಮುಟ್ಟಿ ಸಲಾಮು ಹೊಡೆದು, ಚೀಲದಲ್ಲಿ ಜೋಪಾನವಾಗಿ ಇಟ್ಟು, ಪೋಸ್ಟಣ್ಣ ಓಡತೊಡಗಿದರು. ಅದನ್ನು ಓಟ ಎನ್ನುವುದು ಕಷ್ಟ. ಬಟವಾಡೆಯ ನಡಿಗೆಗೆ ಯಾರೋ ಚಿವುಟಿದ ಹಾಗಿತ್ತು. ಆದರೂ ಅವರ ಮನಸ್ಸಿನಲ್ಲಿ ಒಂದು ದೊಡ್ಡ ಬ್ಯಾಂಡು ಬಾರಿಸುತ್ತಿತ್ತು. ಮಗಳ ವಾರ್ಡಿನ ಮಂಚಗಳು ಒಂದೊಂದಾಗಿ ಕಣ್ಣ ಮುಂದೆ ಬಂದು ಸಾಲಾಗಿ ನಿಂತವು.

ಸ್ವಲ್ಪ ದೂರ ಹೋಗುವಷ್ಟರಲ್ಲಿ ಊರು ಬಂತು. ಕಿರಿದಾದ ಬೀದಿ, ಒತ್ತೊತ್ತಾಗಿ ಮನೆಗಳು, ಬಾಗಿಲಿಗೊಂದು ಟಪಾಲು ಡಬ್ಬಿ. ಒಂದು ನಾಯಿ ಕಂಡು ಬೊಗಳಿತು. ಪೋಸ್ಟ್‌ಮ್ಯಾನ್ ಕಂಡರೆ ಬೊಗಳುವ ಭಾಷೆ ಎಲ್ಲ ದೇಶದ ನಾಯಿಗೂ ಒಂದೇ ಎಂದು ತಿಳಿದು ಪೋಸ್ಟಣ್ಣನವರಿಗೆ ಎಷ್ಟು ಸಂತೋಷವಾಯಿತೆಂದರೆ, ಪರದೇಶ ಎನ್ನುವುದೇ ಮರೆತುಹೋಯಿತು. ಕಾಲು ಓಟ ಬಿಟ್ಟು ತನ್ನ ಹಳೆಯ ನಡಿಗೆಗೆ ಇಳಿಯಿತು. ಜನ ಬಾಗಿಲಲ್ಲಿ ನಿಂತು ಚಪ್ಪಾಳೆ ತಟ್ಟುತ್ತಿದ್ದರು. ಒಬ್ಬ ಮುದುಕ ಕಿತ್ತಳೆಯ ತೊಳೆ ಕೊಟ್ಟ. ಒಬ್ಬಳು ತಾಯಿ ಮಗುವಿನ ಕೈ ಹಿಡಿದು ಬೀಸಿಸಿದಳು. ಒಂದು ಹಸಿರು ಗೇಟಿನ ಹತ್ತಿರ ವಯಸ್ಸಾದ ಹೆಂಗಸೊಬ್ಬರು ಮಳೆಕೋಟು ಹಾಕಿಕೊಂಡು, ಓಡುವವರ ಅಂಗೈ ತಟ್ಟಲೆಂದು ಕೈ ಚಾಚಿ ನಿಂತಿದ್ದರು. ಎಲ್ಲರಿಗೂ ಪೋಸ್ಟಣ್ಣ ತಮ್ಮ ಬೀದಿಯವರಿಗೆ ಮಾಡುವ ಹಾಗೆಯೇ ಮಾಡಿ, ಸಲಾಮು ಹೊಡೆದು, ಮುಂದಿನ ಮನೆ, ಅದರ ಮುಂದಿನ ಮನೆ ಎಂದು ಸಾಗಿದರು. ಹಿಂದಿನಿಂದ ಕೋಟಿನ ಅಮ್ಮ ಏನೋ ಕೂಗಿದ್ದು ಕೇಳಿತು. ಹರಸುತ್ತಿದ್ದಾರೆ ಎಂದುಕೊಂಡು ತಿರುಗದೆಯೇ ಕೈ ಎತ್ತಿದರು.

ಊರು ದಾಟಿದ ಮೇಲೂ ಆ ಕೂಗು ನಿಲ್ಲಲಿಲ್ಲ. ತಿರುಗಿ ನೋಡಿದರೆ ಅದೇ ಅಮ್ಮ. ಒಂದು ಕೈ ಕೋಟಿನೊಳಗೆ, ಇನ್ನೊಂದು ಕೈ ಇವರ ಚೀಲದ ಕಡೆಗೆ. ದಪ್ಪ ಬೂಟಿನಲ್ಲಿ ದಬದಬ ಹೆಜ್ಜೆ ಹಾಕಿಕೊಂಡು ಬರುತ್ತಿದ್ದಾರೆ. ಪೋಸ್ಟಣ್ಣನವರಿಗೆ ಸಾರ್ಟರ್ ಮಾತು ನೆನಪಾಯಿತು. ಕೋಟಿನೊಳಗಿನ ಕೈಯಲ್ಲಿ ಏನಿದೆಯೋ ಯಾರು ಕಂಡರು? ಚಾಕು ಇರಬಹುದು. ನೋಡಿದರೆ ಅಜ್ಜಿಯ ಹಾಗಿದ್ದಾರೆ, ಅದು ಇನ್ನೂ ಅಪಾಯ. ಅವರು ಚೀಲದ ಮೇಲಿಂದ ಒಮ್ಮೆ ಒತ್ತಿ ನೋಡಿದರು. ಉದ್ದಕ್ಕೆ, ಗಟ್ಟಿಯಾಗಿ ಕೈಗೆ ಸಿಕ್ಕಿತು. ಸಮಾಧಾನವಾಗಿ, ಕಾಲಿಗೆ ಬುದ್ಧಿ ಹೇಳಿದರು.

ಹಂತ ಬದಲಿಸುವ ಜಾಗಕ್ಕೆ ಬರುವಾಗ ಏದುಸಿರು. ಅಲ್ಲಿ ಓಟದ ಬಟ್ಟೆ ಹಾಕಿಕೊಂಡು ಒಬ್ಬ ಯುವಕ ನಿಂತಿದ್ದ. ಇವರನ್ನು ಕಂಡ ಕೂಡಲೇ ನಗುತ್ತಾ ಕೈ ಚಾಚಿದ. ಪೋಸ್ಟಣ್ಣ ಜೇಬಿನಿಂದ ಫೋಟೋ ತೆಗೆದರು. ಫೋಟೋ ನೋಡಿದರು, ಅವನನ್ನು ನೋಡಿದರು. ಅವನ ಮುಖ ಈಗ ತಾನೇ ಸುಲಿದ ಮೊಟ್ಟೆಯ ಹಾಗೆ ನುಣ್ಣಗಿತ್ತು.

ಯುವಕ ಫೋಟೋ ನೋಡಿ ಜೋರಾಗಿ ನಕ್ಕು, ಎದೆ ಮುಟ್ಟಿಕೊಂಡು ತನ್ನ ಹೆಸರು ಹೇಳಿದ. ಫೋಟೋದ ಹಿಂದೆ ಬರೆದಿದ್ದ ಹೆಸರೇ.

"ಹೆಸರು ಯಾರು ಬೇಕಾದ್ರೂ ಹೇಳ್ತಾರಪ್ಪ. ನಮ್ಮ ಬೀದೀಲಿ ಮನಿಯಾರ್ಡರ್ ಬಂದ ದಿನ ಎಲ್ಲರ ಹೆಸರೂ ಒಂದೇ" ಎಂದರು ಪೋಸ್ಟಣ್ಣ, ಅಪ್ಪಟ ಕನ್ನಡದಲ್ಲಿ.

ಯುವಕ ಗಲ್ಲಕ್ಕೆ ಬೆರಳಿಟ್ಟು ಕ್ಷೌರ ಮಾಡಿದ ಹಾಗೆ ಅಭಿನಯಿಸಿದ. ಓಡುವ ದಿನ ಅಚ್ಚುಕಟ್ಟಾಗಿ ಕಾಣಲೆಂದು ಆ ಬೆಳಿಗ್ಗೆಯೇ ಬೋಳಿಸಿಕೊಂಡಿದ್ದನಂತೆ, ಪಾಪ. ಗಲ್ಲದ ಮೇಲೆ ಬೆರಳು ಎಳೆದದ್ದು ಪೋಸ್ಟಣ್ಣನವರಿಗೆ ಕತ್ತು ಕೊಯ್ಯುತ್ತೇನೆ ಎಂದ ಹಾಗೆ ಕಂಡಿತು. ಅಷ್ಟರಲ್ಲಿ ಹಿಂದಿನ ತಿರುವಿನಲ್ಲಿ ಕೋಟಿನ ಅಮ್ಮನ ಬೂಟಿನ ಸದ್ದು. ಮುಂದೆ ಕೈ ಚಾಚಿದವನು ಒಬ್ಬ, ಹಿಂದೆ ಕೈ ಚಾಚಿದವರು ಒಬ್ಬರು. ಇದು ತಾಯಿ ಮಗ ಸೇರಿ ಹೂಡಿದ ಆಟವೇ ಸರಿ ಎಂದು ಪೋಸ್ಟಣ್ಣ ತೀರ್ಮಾನಿಸಿದರು. ಪಡೆಯಬೇಕಾದವರು ಸ್ಥಳದಲ್ಲಿ ಇಲ್ಲದಿದ್ದರೆ ಏನು ಮಾಡಬೇಕು? ವಾಪಸು ಮೇಲಿನವರಿಗೆ ಒಪ್ಪಿಸಬೇಕು. ಮೇಲಿನವರು ಗಡಿಯ ಗೇಟಿನಲ್ಲಿದ್ದಾರೆ. ಅಂದರೆ ಈ ಹಂತವನ್ನೂ ತಾನೇ ಓಡಬೇಕು.

ಮಂಡಿ ಬೇಡವೆಂದಿತು. ಪೋಸ್ಟಣ್ಣ ಅದರ ಮಾತು ಕೇಳಲಿಲ್ಲ.

ಮುಂದಿನದು ನೋಡುವ ಹಾಗಿತ್ತು. ಯುವಕ ಒಳ್ಳೆಯ ಓಟಗಾರ. ಬೇಕಿದ್ದರೆ ಇವರನ್ನು ಸುತ್ತುಹಾಕಿಕೊಂಡು ಗಡಿ ಮುಟ್ಟಿ ವಾಪಸು ಬರಬಲ್ಲ. ಆದರೆ ಕೋಲನ್ನು ಕಿತ್ತುಕೊಳ್ಳುವ ಹಾಗಿಲ್ಲ, ಕೊಟ್ಟರೆ ಮಾತ್ರ ತೆಗೆದುಕೊಳ್ಳಬೇಕು. ಆದ್ದರಿಂದ ಪಾಪ, ಇವರ ಪಕ್ಕದಲ್ಲೇ, ಇವರ ಆಮೆ ನಡಿಗೆಗೆ ಹೆಜ್ಜೆ ಕೂಡಿಸಿ, ಕೈ ಚಾಚಿಕೊಂಡೇ ಓಡಿದ. ಬೆನ್ನು ಬಿಡದ ಬೇತಾಳ, ಆದರೆ ಬಹಳ ಮರ್ಯಾದಸ್ಥ ಬೇತಾಳ. ಕೈ ಸೋತಾಗ ಇನ್ನೊಂದು ಬದಿಗೆ ಬಂದು ಇನ್ನೊಂದು ಕೈ ಚಾಚುತ್ತಿದ್ದ. ಅವನು ತನ್ನ ಭಾಷೆಯಲ್ಲಿ ಬೇಡಿಕೊಳ್ಳುತ್ತಿದ್ದ, ಇವರು ತಮ್ಮ ಭಾಷೆಯಲ್ಲಿ ಅಂಚೆಯ ನಿಯಮ ವಿವರಿಸುತ್ತಿದ್ದರು. ಪೋಸ್ಟಣ್ಣ ಒಂದು ಕಲ್ಲಿಗೆ ಎಡವಿದಾಗ ಆ ಚಾಚಿದ ಕೈಯೇ ಅವರನ್ನು ಹಿಡಿದು ನಿಲ್ಲಿಸಿತು, ನಿಲ್ಲಿಸಿದ ಮೇಲೆ ಮತ್ತೆ ಚಾಚಿಕೊಂಡಿತು.

ಮಳೆ ಶುರುವಾಯಿತು. ಚೀಲದಲ್ಲಿ ಕೊಡೆಯಿತ್ತು. ತೆಗೆಯಬೇಕೆಂದರೆ ಚೀಲ ತೆರೆಯಬೇಕು. ಚೀಲ ತೆರೆದರೆ ಪಕ್ಕದಲ್ಲೇ ಕೈ. ಪೋಸ್ಟಣ್ಣ ಚೀಲವನ್ನು ಮಗುವಿನ ಹಾಗೆ ಅಪ್ಪಿಕೊಂಡು ತೊಪ್ಪೆಯಾಗಿ ನೆನೆದರು. ಯುವಕ ತನ್ನ ಟೋಪಿ ತೆಗೆದು ಅವರ ಚೀಲದ ಮೇಲೆ ಹಿಡಿದ. ಕಳ್ಳನಿಗೂ ಇಷ್ಟು ಒಳ್ಳೆಯ ಬುದ್ಧಿ ಇರುತ್ತದೆಯೇ ಎಂದು ಪೋಸ್ಟಣ್ಣನವರಿಗೆ ಒಂದು ಕ್ಷಣ ಅನುಮಾನ ಬಂತು. ಫೋಟೋ ತೆಗೆದು ಇನ್ನೊಮ್ಮೆ ನೋಡಿದರು. ಗಡ್ಡ ಇತ್ತು. ಅನುಮಾನವನ್ನು ಜೇಬಿಗೆ ಹಾಕಿಕೊಂಡರು.

ಗಡಿ ಹತ್ತಿರವಾದಂತೆ ರಸ್ತೆಯ ಎರಡು ಬದಿಯಲ್ಲೂ ಜನ ಕೊಡೆ ಹಿಡಿದು ನಿಂತಿದ್ದರು. ನೆನೆದು ಮುದ್ದೆಯಾದ ನರೆಗೂದಲಿನ ಮನುಷ್ಯ, ಪಕ್ಕದಲ್ಲಿ ಕೈ ಚಾಚಿದ ಯುವಕ, ಹಿಂದೆ ದೂರದಲ್ಲಿ ಕೂಗುತ್ತಾ ಬರುವ ಅಮ್ಮ. ಇಂಥ ರಿಲೇಯನ್ನು ಅವರು ಎಂದೂ ನೋಡಿರಲಿಲ್ಲ. ಇದು ಹೀಗೆಯೇ ಇರಬೇಕು ಎಂದುಕೊಂಡು ಗಂಟಲು ಹರಿಯುವ ಹಾಗೆ ಹುರಿದುಂಬಿಸಿದರು.

ಗೇಟಿನಲ್ಲಿ ಮೇಡಂ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡುತ್ತಿದ್ದರು. ಬರುತ್ತಿರುವುದು ಪೋಸ್ಟಣ್ಣ ಎಂದು ತಿಳಿದಾಗ ಅವರ ಮುಖ ಅರಳಿತು. "ಎರಡು ಹಂತ. ಒಬ್ಬರೇ ಎರಡು ಹಂತ ಓಡಿದಾರೆ ನೋಡ್ರೋ" ಎಂದು ಕಣ್ಣು ಒರೆಸಿಕೊಂಡರು. ವ್ಯಾನಿನ ಕಿಟಕಿಯಿಂದ ಗುಮಾಸ್ತ ಬಗ್ಗಿದ ಹಾಗೇ ಚಪ್ಪಾಳೆ ತಟ್ಟಿದ. ಸಾಹುಕಾರರು ಕಾರಿನಿಂದ ಇಳಿದು ಮಳೆಯಲ್ಲೇ ನಿಂತರು. ಪೋಸ್ಟಣ್ಣನವರ ಎದೆ ಅಂಚೆಪೆಟ್ಟಿಗೆಯ ಹಾಗೆ ತುಂಬಿಬಂತು. ಉಸಿರು ಸಿಕ್ಕಷ್ಟರಲ್ಲಿ ವರದಿ ಒಪ್ಪಿಸಿದರು: ಪಡೆಯುವವರು ಬಂದಿರಲಿಲ್ಲ, ದಾರಿಯುದ್ದಕ್ಕೂ ಇಬ್ಬರು ಕಳ್ಳರು ಕಾಡಿದರು, ಆದರೂ ಬೇರೆ ಕೈಗೆ ಕೊಟ್ಟಿಲ್ಲ.

ಮೇಡಂ ಯುವಕನನ್ನು ನೋಡಿದರು. "ಅಯ್ಯೋ ಪೋಸ್ಟಣ್ಣ, ಇವರೇ ಅಲ್ವಾ? ಹಿಂದಿನ ವಾರ ಊಟಕ್ಕೆ ಸಿಕ್ಕಿದ್ರಲ್ಲ. ಗಡ್ಡ ತೆಗೆಸಿದಾರೆ ಅಷ್ಟೇ."

ಪೋಸ್ಟಣ್ಣ ಇಂಗು ತಿಂದ ಮಂಗನ ಹಾಗಾದರು. ಆದರೆ ತಪ್ಪೇನು? ಜಾಗ್ರತೆ ಹೆಚ್ಚಾದದ್ದು ತಪ್ಪಲ್ಲ. ಸಾಹುಕಾರರೂ ತಲೆದೂಗಿ, ಇಂಥವರ ಕೈಗೆ ನಮ್ಮ ಅಂಗಡಿಯ ಬೀಗದ ಕೈಯನ್ನೂ ಕೊಡಬಹುದು ಎಂದರು. ಈಗಲೇ ಕೊಡುತ್ತೇನೆ ಎಂದು ಪೋಸ್ಟಣ್ಣ ಬೆನ್ನು ನೆಟ್ಟಗೆ ಮಾಡಿ, ಯುವಕನ ಮುಂದೆ ನಿಂತು, ಸಲಾಮು ಹೊಡೆದು, ಚೀಲದೊಳಗೆ ಕೈ ಹಾಕಿ, ಎಲ್ಲರ ಎದುರು ಗಂಭೀರವಾಗಿ ಹೊರತೆಗೆದು ಕೊಟ್ಟರು.

ಅದು ಕೊಡೆ.

ಯಾರೋ ಫೋಟೋ ಹೊಡೆದೇಬಿಟ್ಟಿದ್ದರು. ಪೋಸ್ಟಣ್ಣ ಮತ್ತೆ ಕೈ ಹಾಕಿದರು. ಟವೆಲು ಬಂತು. ಬಾಟಲಿ ಬಂತು. ಚೀಲವನ್ನು ತಲೆಕೆಳಗೆ ಮಾಡಿ ಕೊಡವಿದರು. ಎರಡು ಕಿತ್ತಳೆ ಬೀಜ ಬಿದ್ದವು. ನಿಂತ ನೆಲ ಬಾಯಿ ಬಿಟ್ಟ ಹಾಗಾಯಿತು. ಸಾಹುಕಾರರು ಮೇಡಂ ಮುಖ ನೋಡಿದರು, ಮೇಡಂ ನೆಲ ನೋಡಿದರು. ಒಂದು ಸಾಲು ಮಂಚ ಮಳೆಯಲ್ಲಿ ಕರಗುತ್ತಿರುವುದು ಪೋಸ್ಟಣ್ಣನವರಿಗೆ ಕಣ್ಣಾರೆ ಕಂಡಿತು.

ಆ ಹೊತ್ತಿಗೆ ದಬದಬ ಬೂಟಿನ ಸದ್ದು ಮಾಡುತ್ತಾ ಕೋಟಿನ ಅಮ್ಮ ಬಂದು ಮುಟ್ಟಿದರು. ಮುಖ ಕೆಂಪಾಗಿ, ಕೂದಲು ಕೆನ್ನೆಗೆ ಅಂಟಿಕೊಂಡಿತ್ತು. ಗೇಟಿನ ಕಂಬ ಹಿಡಿದು ಉಸಿರು ಎಳೆದುಕೊಂಡು, ಕೋಟಿನ ಗುಂಡಿ ಬಿಚ್ಚಿ, ಒಣ ಬಟ್ಟೆಯಲ್ಲಿ ಸುತ್ತಿದ್ದ ಕೋಲನ್ನು ಹೊರತೆಗೆದರು. ಒಂದು ಹನಿ ನೀರು ತಾಗದ ಹಾಗೆ ಇಟ್ಟುಕೊಂಡಿದ್ದರು.

"ಕಳ್ಳಿ" ಎಂದ ಸಾರ್ಟರ್. "ನಾನು ಹೇಳಿರಲಿಲ್ವಾ?"

ಅಮ್ಮ ಗಡಬಡಿಸಿ ಏನೇನೋ ಹೇಳತೊಡಗಿದರು. ಯುವಕ ಕೇಳಿಸಿಕೊಂಡು ಇನ್ನೂ ಗಡಬಡಿಸಿ ಹೇಳಿದ. ಸಾರ್ಟರ್ ಭಾಷಾಂತರಕ್ಕೆ ನಿಂತ. ಕದ್ದದ್ದು ನಿಜ ಎಂದು ಒಪ್ಪಿಕೊಳ್ಳುತ್ತಿದ್ದಾರೆ, ಈಗ ಬಹುಮಾನ ಕೇಳುತ್ತಿದ್ದಾರೆ ಎಂದ. ಗೇಟಿನ ಪಹರೆಯವನು ಆಚೆಯ ದೇಶದವನು. ಅವನಿಗೂ ಆ ಭಾಷೆ ಬರುತ್ತಿರಲಿಲ್ಲ. ಗಲಾಟೆ ಕಂಡು ಅಮ್ಮನ ಪಕ್ಕಕ್ಕೆ ಬಂದು ನಿಂತ. ಸಾಹುಕಾರರು ಬೇಸರದಿಂದ ಹೇಳಿದರು, ಕದ್ದದ್ದೇ ಆದರೆ ಕೊಂಡಿ ಕಡಿಯಿತು, ಸಂಘದವರಿಗೆ ತಾನು ಸುಳ್ಳು ಹೇಳಲಾರೆ. ಕೈಯಾರೆ ಕೊಟ್ಟದ್ದಾಗಿದ್ದರೆ ಮಾತು ಬೇರೆ.

ಅಮ್ಮ ಮಾತು ಬಿಟ್ಟರು. ಕೋಲನ್ನು ಕಂಕುಳಲ್ಲಿ ಇಟ್ಟುಕೊಂಡು, ಒಂದು ಕೈ ಚಾಚಿ ನಿಂತು ತೋರಿಸಿದರು: ಇದು ನಾನು. ಆಮೇಲೆ ಎದುರು ಬದಿಗೆ ಬಂದು, ಸ್ವಲ್ಪ ಎಡಕ್ಕೆ ವಾಲಿ ನಡೆದರು. ಇಲ್ಲದ ಚೀಲಕ್ಕೆ ಕೈ ಹಾಕಿದರು, ಕೋಲು ತೆಗೆದರು, ಚಾಚಿದ ಕೈ ಇದ್ದ ಜಾಗಕ್ಕೆ ಇಟ್ಟರು, ಇಲ್ಲದ ಟೋಪಿಯನ್ನು ಎರಡು ಬೆರಳಿನಿಂದ ಮುಟ್ಟಿದರು, ಮುಂದಿನ ಮನೆಗೆ ಹೊರಟುಹೋದರು.

ಹುಚ್ಚಿರಬೇಕು ಎಂದ ಸಾರ್ಟರ್. ಉಳಿದವರಿಗೂ ಏನೂ ಅರ್ಥವಾಗಲಿಲ್ಲ. ಅರ್ಥವಾದದ್ದು ಒಬ್ಬರಿಗೆ ಮಾತ್ರ. ಹಸಿರು ಗೇಟು, ನಾಯಿಯ ಬೊಗಳು, ಚಾಚಿದ ಅಂಗೈ. ಅಷ್ಟು ವರ್ಷ, ಬಾಗಿಲಲ್ಲಿ ಯಾರಾದರೂ ಕೈ ಚಾಚಿ ನಿಂತರೆ ಪೋಸ್ಟಣ್ಣನವರ ಕೈ ಅವರನ್ನು ಕೇಳದೆಯೇ ಚೀಲಕ್ಕೆ ಹೋಗುತ್ತಿತ್ತು. ಇವತ್ತೂ ಹೋಗಿತ್ತು. ಗಡ್ಡವಿಲ್ಲವೆಂದು ಒಬ್ಬನಿಗೆ ಹಂತದುದ್ದಕ್ಕೂ ಕೊಡದೆ ಸತಾಯಿಸಿದ ಆ ವಸ್ತುವ‌ನ್ನು ಅವರು ಅದಕ್ಕೆ ಎಷ್ಟೋ ಮುಂಚೆಯೇ, ಯಾರೆಂದು ಕೇಳದೆ, ಮುಖ ಕೂಡ ನೋಡದೆ, ಬಟವಾಡೆ ಮಾಡಿ ಬಂದಿದ್ದರು.

ಬಾಯಿ ಮುಚ್ಚಿಕೊಂಡಿದ್ದರೆ ಎರಡು ಹಂತ ಓಡಿದ ವೀರ. ಕಳ್ಳತನಕ್ಕೆ ಯಾರೇನು ಮಾಡಲಾದೀತು? ಅವರ ಹೆಸರಿಗೆ ಮಸಿ ಹತ್ತುತ್ತಿರಲಿಲ್ಲ. ಸಾರ್ಟರ್‌ಗೂ ಅಷ್ಟರಲ್ಲಿ ಏನೋ ಹೊಳೆದಿರಬೇಕು, ಕಿವಿಯ ಹತ್ತಿರ ಬಂದು, ಬೇಕೆಂದೇ ಕೊಟ್ಟೆ ಅಂದುಬಿಡಿ ಅಣ್ಣಾ, ಊರಿನವರಿಗೂ ಒಂದು ಅವಕಾಶ ಇರಲಿ ಅಂತ ಕೊಟ್ಟೆ ಅನ್ನಿ, ಮಂಚವೂ ಹೆಸರೂ ಎರಡೂ ಉಳಿಯುತ್ತವೆ ಎಂದು ಪಿಸುಗುಟ್ಟಿದ.

ಪೋಸ್ಟಣ್ಣ ಟೋಪಿ ತೆಗೆದರು. ಅಮ್ಮನ ಪಕ್ಕದಲ್ಲಿದ್ದ ಪಹರೆಯವನನ್ನು ಕೈಯಿಂದ ಮೆಲ್ಲಗೆ ಸರಿಸಿ, ತಾವು ಅಲ್ಲಿ ನಿಂತರು.

"ಈಯಮ್ಮ ಕದ್ದಿಲ್ಲ. ನಾನೇ ಕೊಟ್ಟಿದ್ದು, ನನ್ನ ಕೈಯಾರೆ. ಬೇಕೂಂತ ಅಲ್ಲ, ಮೈಮರೆತು. ತಪ್ಪು ಬಟವಾಡೆ ಮೇಡಂ. ಮೊದಲನೇದು."

ಮೇಡಂ ಬೇರೆ ಕಡೆ ತಿರುಗಿಕೊಂಡರು. ಯಾಕೆಂದರೆ ಅವರ ಕಣ್ಣಲ್ಲಿ ನೀರು, ಬಾಯಲ್ಲಿ ನಗು, ಎರಡೂ ಒಟ್ಟಿಗೆ ಬಂದಿದ್ದವು. ವ್ಯಾನಿನಲ್ಲಿದ್ದ ಗುಮಾಸ್ತ ನಕ್ಕ ರಭಸಕ್ಕೆ ಅವನ ಸೊಂಟ ಬಿಟ್ಟುಕೊಂಡಿತು.

ಸಾಹುಕಾರರು ಬೆರಳು ಮಡಿಸಿ ಲೆಕ್ಕ ಹಾಕಿದರು. ಕೊಟ್ಟದ್ದು ಕೈಯಿಂದ ಕೈಗೆ. ಬಂದದ್ದು ನೆಲದ ಮೇಲೆ, ಕಾಲ್ನಡಿಗೆಯಲ್ಲಿ. ಕಿತ್ತುಕೊಂಡಿಲ್ಲ, ಕಳೆದಿಲ್ಲ. ಮೈಮರೆತು ಕೊಡಬಾರದು ಎಂದು ಕರಾರಿನಲ್ಲಿ ಎಲ್ಲೂ ಹೇಳಿಲ್ಲ. ಅವರು ಅಮ್ಮನ ಕಡೆ ತಿರುಗಿ ಕೈಮುಗಿದರು. ಅಮ್ಮ ಕೋಲನ್ನು ಯುವಕನ ಕೈಗೆ ಕೊಟ್ಟರು. ಅದಕ್ಕಾಗಿಯೇ ಅಷ್ಟು ದೂರದಿಂದ ಚಾಚಿಕೊಂಡು ಬಂದಿದ್ದ ಕೈ ಕೊನೆಗೂ ಮುಚ್ಚಿತು. ಅವನು ಕೆಲವೇ ಹೆಜ್ಜೆ ಓಡಿ ಗೇಟು ದಾಟಿದ. ಮಂಚಗಳು ಉಳಿದವು.

ಮೇಡಂ ಊರಿಗೆ ಫೋನು ಹಚ್ಚಿ ಪೋಸ್ಟಣ್ಣನವರ ಮಗಳಿಗೆ ಎಲ್ಲವನ್ನೂ ಹೇಳಿದರು. ಮಗಳು ವಾರ್ಡಿನಲ್ಲಿ ಜೋರಾಗಿ ಹೇಳಿದಳಂತೆ. ಕೊಡೆಯ ಭಾಗ ಬಂದಾಗ ಕೆಮ್ಮಿನ ಮಕ್ಕಳು ಕೆಮ್ಮುವುದನ್ನು ಬಿಟ್ಟು ನಕ್ಕವಂತೆ, ಮತ್ತೆ ಹೇಳಿ ಎಂದವಂತೆ. ಆಮೇಲೆ ಅವಳು ಅಪ್ಪನಿಗೆ ಫೋನು ಕೊಡಿಸಿ, "ಒಪ್ಕೊಂಡ್ರಲ್ಲಪ್ಪಾ. ಅದನ್ನೂ ಹೇಳಿದೀನಿ ಅವರಿಗೆ" ಎಂದಳು. ಪೋಸ್ಟಣ್ಣ ಹೂಂ ಎಂದರು.

ಆ ಹೊತ್ತಿಗೆ ಸಾಹುಕಾರರಿಗೆ ಇನ್ನೊಂದು ಸಂಗತಿ ಹೊಳೆಯಿತು. ಕೋಲು ಹೊತ್ತವರು ಈ ಅಮ್ಮ. ಆದ್ದರಿಂದ ಹಸಿರು ಗೇಟಿನಿಂದ ಗಡಿಯವರೆಗಿನ ಓಟ ಈ ಅಮ್ಮನದು. ಪೋಸ್ಟಣ್ಣ ಓಡಿದ್ದು, ಲೆಕ್ಕಕ್ಕೆ ಹಿಡಿದರೆ, ಒಂದು ಕೊಡೆಯನ್ನು ಗಡಿಗೆ ಮುಟ್ಟಿಸಲು. ಹಾಗಾದರೆ ಅವರ ಹಂತ ಇನ್ನೂ ಬಾಕಿಯೇ. ಗುಮಾಸ್ತನ ಹೆಸರಿಗೆ ಬದಲಾಗಿ ಅವರ ಹೆಸರು ಆಗಲೇ ಪಟ್ಟಿಗೆ ಏರಿದೆ, ಓಡಲೇಬೇಕು. ನಾಳೆ ಬೆಳಿಗ್ಗೆ ಎಂದರು ಮೇಡಂ, ಸಂಕೋಚದಿಂದ. ಪೋಸ್ಟಣ್ಣ ಗೇಟಿನ ಆಚೆ ನೋಡಿದರು. ಮುಂದಿನ ದೇಶ ನೇರವಾಗಿ ಒಂದು ಗುಡ್ಡದಿಂದಲೇ ಶುರುವಾಗುತ್ತಿತ್ತು. ಗುಡ್ಡದ ತುದಿ ಮೋಡದಲ್ಲಿತ್ತು.

"ಚೀಲ ಬಿಟ್ಟು ಓಡ್ತೀರಾ?" ಎಂದ ಸಾರ್ಟರ್. ದನಿಯಲ್ಲಿ ಯಾವಾಗಿನ ಚುಚ್ಚು ಇರಲಿಲ್ಲ. ಅವನು ಆಗಲೇ ಪೋಸ್ಟಣ್ಣನವರ ನೆನೆದ ಕಾಲುಚೀಲವನ್ನು ಹಿಂಡುತ್ತಾ ನಿಂತಿದ್ದ.

"ಇಲ್ಲಪ್ಪ" ಎಂದರು ಪೋಸ್ಟಣ್ಣ. "ಆದ್ರೆ ಚೀಲದ ಬಾಯಿ ನೀನೇ ಹೊಲಿದುಕೊಡು."

ಗೇಟಿನ ಪಕ್ಕದ ತಗಡಿನ ಮಾಡಿನ ಕೆಳಗೆ ಗಡಿಯ ಊರಿನವರು ಬಂದವರಿಗೆಲ್ಲ ಊಟ ಬಡಿಸುತ್ತಿದ್ದರು. ಮೊದಲ ತಟ್ಟೆಯನ್ನು, ಬಿಸಿ ಹಬೆಯಾಡುವ ತಟ್ಟೆಯನ್ನು, ಎಲ್ಲರೂ ಸೇರಿ ಚಪ್ಪಾಳೆ ತಟ್ಟಿ ಕೋಟಿನ ಅಮ್ಮನ ಕೈಗೆ ಕೊಟ್ಟರು. ಪೋಸ್ಟಣ್ಣ ಸಾಲಿಗೆ ಹೋಗಲಿಲ್ಲ. ಓಡದವನು ಓಡಿದವರ ಸಾಲಿನಲ್ಲಿ ಹೇಗೆ ನಿಲ್ಲುವುದು ಎಂದು ಮಾಡಿನ ಆಚೆ ತುದಿಯ ಬೆಂಚಿನ ಮೇಲೆ ಮಂಡಿ ನೀವಿಕೊಳ್ಳುತ್ತಾ ಕೂತಿದ್ದರು. ಅಮ್ಮ ತಟ್ಟೆ ಹಿಡಿದುಕೊಂಡು ಅತ್ತ ಇತ್ತ ನೋಡಿದರು. ಅವರನ್ನು ಕಂಡರು. ಜನರ ನಡುವಿನಿಂದ ಜಾಗ ಮಾಡಿಕೊಂಡು, ತುಳುಕದ ಹಾಗೆ ನಡೆದುಬಂದು, ಪಕ್ಕದಲ್ಲಿ ಕೂತರು. ತಟ್ಟೆಯನ್ನು ಅವರ ಮಡಿಲಿಗೆ ಇಟ್ಟು, ಚಮಚದ ಹಿಡಿಯನ್ನು ಅವರ ಕಡೆಗೆ ತಿರುಗಿಸಿದರು.